ಬೆನ್ನಿನಲ್ಲಿ ಕಾಣುವ ಭಾವ: ಹಾಸನದ ಒಂದು ನಗ್ನಾಕೃತಿ ರೇಖಾಚಿತ್ರ ತರಗತಿ

ಕಲಾ ಕಾಲೇಜಿನಲ್ಲಿ ಓದದ, ವಾರವಿಡೀ ಬೇರೆ ಉದ್ಯೋಗದಲ್ಲಿರುವ ವಯಸ್ಕರಿಗೆ ಮನುಷ್ಯದೇಹವನ್ನು ಎದುರಿಗೆ ಕಂಡು ಬರೆಯುವ ಅವಕಾಶ ನಮ್ಮ ಕಡೆಯ ಊರುಗಳಲ್ಲಿ ಬಹಳ ಅಪರೂಪ. ಹಾಸನದ ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ, ಹಳೆಯ ಹೆಂಚಿನ ಮನೆಯ ಉದ್ದನೆಯ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ತರಗತಿಯೊಂದು ಆ ಅವಕಾಶವನ್ನು ಒದಗಿಸುತ್ತಿದೆ. ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ನಡೆಸುವ ಈ ತರಗತಿಗೆ ಬೋರ್ಡಿಲ್ಲ, ಜಾಹೀರಾತೂ ಇಲ್ಲ. ಭಂಗಿಗೆ ನಿಲ್ಲುವವರ ಮರ್ಯಾದೆಯ ದೃಷ್ಟಿಯಿಂದ ಹೆಸರು, ವಿಳಾಸ ಪ್ರಕಟಿಸುವುದು ಬೇಡವೆಂದು ಮೇಷ್ಟ್ರು ಕೇಳಿಕೊಂಡಿರುವುದರಿಂದ ಅವನ್ನು ಇಲ್ಲಿ ಬರೆದಿಲ್ಲ. ಒಂದು ಮಳೆಗಾಲವನ್ನೂ ಅದರ ಹಿಂದೆಯೇ ಬಂದ ಚಳಿಗಾಲವನ್ನೂ ಅಲ್ಲಿ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ದೇಹದ ಭಂಗಿಯಿಂದಲೇ ಭಾವವನ್ನು ಹೊರತರುವುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ತರಗತಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದರೆ ದೀರ್ಘ ಭಂಗಿಯ ಅಭ್ಯಾಸದಲ್ಲಿ ಮತ್ತು ಬೆಳಕಿನ ವ್ಯವಸ್ಥೆಯಲ್ಲಿ ಅದು ಸಾಕಷ್ಟು ಸುಧಾರಿಸಬೇಕಾಗಿದೆ.

ಭಂಗಿಗೆ ನಿಲ್ಲುವವರು ಇಬ್ಬರು: ಬಾಲ್ಯದಿಂದ ಗರಡಿಯಲ್ಲಿ ಸಾಮು ಮಾಡಿದ, ಅರವತ್ತು ದಾಟಿದ ಹಿರಿಯ ಪೈಲ್ವಾನರೊಬ್ಬರು ಮತ್ತು ಗಾರೆ ಕೆಲಸ ಮಾಡುವ ಒಬ್ಬ ಯುವಕ. ಇಬ್ಬರೂ ಲಂಗೋಟಿಯಲ್ಲಿ ನಿಲ್ಲುತ್ತಾರೆ. ಪೂರ್ಣ ನಗ್ನಾಕೃತಿಯ ಅಭ್ಯಾಸಕ್ಕೆ ಪ್ಲಾಸ್ಟರ್ ಅಚ್ಚುಗಳೂ ಯುರೋಪಿನ ಕಲಾ ಅಕಾಡೆಮಿಗಳ ರೇಖಾಚಿತ್ರಗಳ ದೊಡ್ಡ ಮುದ್ರಣಗಳೂ ಇವೆ. ಅವೆಲ್ಲಕ್ಕಿಂತ ಮುಖ್ಯವಾಗಿ ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳವಿದೆ. ಲಂಗೋಟಿಯಿಂದ ಅಭ್ಯಾಸಕ್ಕೆ ಕೊರತೆಯಾಗುತ್ತದೆ ಎಂದು ಕೆಲವರು ವಾದಿಸುವುದುಂಟು. ನನಗೆ ಹಾಗೆ ಅನ್ನಿಸಲಿಲ್ಲ. ಸೊಂಟದ ಎಲುಬಿನ ಮೇಲೆ ಕಟ್ಟಿದ ದಾರವು ಆ ಎಲುಬು ಯಾವ ಕಡೆಗೆ ಏರಿದೆ, ಯಾವ ಕಡೆಗೆ ಇಳಿದಿದೆ ಎಂಬುದನ್ನು ಹೊಸಬರ ಕಣ್ಣಿಗೂ ಎತ್ತಿ ತೋರಿಸುತ್ತದೆ. ಬಟ್ಟೆ ಬದಲಿಸಲು ಅವರಿಗೆ ಬೇರೆ ಕೋಣೆಯಿದೆ; ವಿರಾಮದಲ್ಲಿ ಹೊದೆಯಲು ದಪ್ಪನೆಯ ಶಾಲು ಇದೆ; ಮೊಬೈಲುಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಿಯೇ ಒಳಗೆ ಬರಬೇಕು. ಈ ಕಟ್ಟುನಿಟ್ಟು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ರೀತಿ ಇತ್ತು ಎಂಬುದನ್ನು ಮೆಚ್ಚಿ ಹೇಳಬೇಕು.

ತರಗತಿ ಏಳು ಗಂಟೆಗೆ ಆರಂಭವಾಗುತ್ತದೆ. ಮೊದಲ ಒಂದು ಗಂಟೆ ಅರ್ಧ ನಿಮಿಷ, ಒಂದು ನಿಮಿಷ, ಎರಡು ನಿಮಿಷಗಳ ಗೆಸ್ಚರ್ ಭಂಗಿಗಳು, ಅಂದರೆ ದೇಹದ ಒಟ್ಟು ಚಲನೆಯನ್ನು ವೇಗವಾಗಿ ಹಿಡಿಯುವ ಅಭ್ಯಾಸ. ಅನಂತರ ಐದು ನಿಮಿಷದವು. ಕಾಫಿಯ ಬಳಿಕ ಒಂದೇ ಒಂದು ದೀರ್ಘ ಭಂಗಿ. ಅರ್ಧ ನಿಮಿಷದಲ್ಲಿ ಒಬ್ಬ ಮನುಷ್ಯನನ್ನು ಬರೆದು ಮುಗಿಸಲು ಯಾರಿಂದಲೂ ಆಗದು. ಆಗದಿರುವುದರಿಂದಲೇ ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು ಎಂಬ ವಿವೇಚನೆ ಕೈಗೆ ಬರುತ್ತದೆ. ಮೇಷ್ಟ್ರು ಹೊರಗೆರೆಯಿಂದ ಆರಂಭಿಸಲು ಬಿಡುವುದಿಲ್ಲ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ತೂಕ ಎಲ್ಲಿದೆ?’ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತವರ ಗಂಟಲಗುಳಿಯಿಂದ ಗಾರೆಯವರ ತೂಗುಗುಂಡನ್ನು ಇಳಿಬಿಟ್ಟರೆ ಅದು ಭಾರ ಹೊತ್ತ ಕಾಲಿನ ಹರಡಿನ ಬಳಿಗೆ ಬರುತ್ತದೆ. ಆ ಬದಿಯ ಸೊಂಟ ಮೇಲೇರಿರುತ್ತದೆ, ಅದೇ ಬದಿಯ ಹೆಗಲು ಕೆಳಗಿಳಿದಿರುತ್ತದೆ, ಇವೆರಡರ ನಡುವೆ ಬೆನ್ನೆಲುಬು ಬಾಗಿ ಸಮತೋಲ ಕಾಯುತ್ತದೆ. ಈ ಮೂರು ಓರೆಗೆರೆಗಳು ಕಾಗದಕ್ಕೆ ಬಂದ ಮೇಲೆಯೇ ಕೈ, ಕಾಲು, ತಲೆ. ಎರಡನೆಯ ಪ್ರಶ್ನೆ ‘ಇವರು ಏನು ಮಾಡುತ್ತಿದ್ದಾರೆ?’ ಎಂಬುದು. ಅದಕ್ಕೆ ಕ್ರಿಯಾಪದದಲ್ಲಿಯೇ ಉತ್ತರ ಕೊಡಬೇಕು: ತಳ್ಳುತ್ತಿದ್ದಾರೆ, ತಡೆಯುತ್ತಿದ್ದಾರೆ, ಒರಗಿದ್ದಾರೆ, ಕುಸಿಯುತ್ತಿದ್ದಾರೆ. ಉತ್ತರ ಹೇಳದೆ ಇದ್ದಿಲನ್ನು ಕಾಗದಕ್ಕೆ ತಾಗಿಸುವಂತಿಲ್ಲ. ಮೊದಮೊದಲು ಇದು ಶಾಲೆಯ ವ್ಯಾಕರಣದ ತರಗತಿಯಂತೆ ತೋರಿದರೂ, ಉತ್ತರ ಖಚಿತವಾದ ದಿನ ಗೆರೆಯೂ ಖಚಿತವಾಗುವುದನ್ನು ಸಾಲಿನಲ್ಲಿ ಕುಳಿತ ಎಲ್ಲರ ಹಾಳೆಗಳಲ್ಲಿಯೂ ಕಂಡಿದ್ದೇನೆ.

ಭಾವದ ವಿಚಾರಕ್ಕೆ ಬಂದರೆ, ‘ದುಃಖ ತೋರಿಸಿ’, ‘ಕೋಪ ತೋರಿಸಿ’ ಎಂದು ಮೇಷ್ಟ್ರು ಭಂಗಿಗೆ ನಿಂತವರನ್ನು ಕೇಳಿದ್ದನ್ನು ನಾನು ಕೇಳಿಲ್ಲ. ಹಾಗೆ ಕೇಳಿದರೆ ಸಿಗುವುದು ನಾಟಕದ ದುಃಖ ಎಂಬುದು ಅವರ ಅನುಭವ. ಅವರು ಸಂದರ್ಭ ಕೊಡುತ್ತಾರೆ. ‘ಅಣ್ಣ, ಕುಸ್ತಿಯಲ್ಲಿ ಚಿತ್ತಾಗಿ ಮಟ್ಟಿಯಿಂದ ಎದ್ದು ಕೂತಿದ್ದೀರಿ, ಜನ ಗೆದ್ದವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ’ ಎಂದು ಹಿರಿಯರಿಗೆ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿ, ಒಂದು ಮೊಣಕಾಲನ್ನು ಎತ್ತಿ, ಅದರ ಮೇಲೆ ಮುಂಗೈಯನ್ನು ಭಾರವಾಗಿ ಬಿಟ್ಟು ಕುಳಿತರು. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಆದರೆ ಹೆಗಲ ಹಲಗೆಗಳು ಬೆನ್ನಿನ ನಡುವಿನಿಂದ ದೂರ ಸರಿದು, ಎದೆಗೂಡು ಹೊಟ್ಟೆಯ ಮೇಲೆ ಇಳಿದಿತ್ತು. ಕೊರಳು ಹೆಗಲುಗಳ ನಡುವೆ ಮುಂದಕ್ಕೆ ಚಾಚಿತ್ತು. ಬೆನ್ನ ಹಿಂದೆ ಕುಳಿತಿದ್ದವರ ಚಿತ್ರಗಳಲ್ಲಿಯೇ ಆ ದಿನ ಸೋಲು ಹೆಚ್ಚು ಸ್ಪಷ್ಟವಾಗಿ ಮೂಡಿತ್ತು.

ಮೊದಲ ಮೂರು ತಿಂಗಳು ಮುಖ ಬರೆಯಬಾರದು ಎಂಬುದು ಇಲ್ಲಿನ ನಿಯಮ. ತಲೆಯ ಜಾಗದಲ್ಲಿ ಮೊಟ್ಟೆಯಾಕಾರ ಮತ್ತು ಅದರ ವಾಲುವಿಕೆಯನ್ನು ತೋರುವ ಒಂದು ನಡುಗೆರೆ ಇದ್ದರೆ ಸಾಕು. ಇದಕ್ಕೆ ಮೇಷ್ಟ್ರು ಕೊಡುವ ಕಾರಣ ಅಕಾಡೆಮಿಗಳ ಚರಿತ್ರೆಯಲ್ಲಿದೆ. ಪ್ಯಾರಿಸ್ಸಿನ ರಾಜಾಶ್ರಯದ ಅಕಾಡೆಮಿ 1648ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಮುಖರಾದ ಚಿತ್ರಕಾರ ಷಾರ್ಲ್ ಲೆ ಬ್ರನ್ 1668ರಲ್ಲಿ ಭಾವಾಭಿವ್ಯಕ್ತಿಯನ್ನು ಕುರಿತು ಉಪನ್ಯಾಸ ನೀಡಿ, ಭಯ, ಕೋಪ, ಆಶ್ಚರ್ಯ ಮೊದಲಾದವುಗಳಿಗೆ ಒಂದೊಂದು ಮುಖವನ್ನು ಬರೆದು ತೋರಿಸಿದರು. ಮನಸ್ಸಿನ ಚಲನೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವ ಅಂಗ ಹುಬ್ಬು ಎಂಬುದು ಅವರ ವಾದವಾಗಿತ್ತು. ಮುಂದಿನ ಶತಮಾನದಲ್ಲಿ ಅದೇ ಅಕಾಡೆಮಿಯಲ್ಲಿ ಭಾವಪೂರ್ಣ ಮುಖವನ್ನು ಬರೆಯುವುದಕ್ಕೆಂದೇ ಪ್ರತ್ಯೇಕ ಬಹುಮಾನ ಬಂತು. ಹೀಗೆ ಮುಖದ ಅಭ್ಯಾಸ ಒಂದು ಕಡೆ, ನಗ್ನದೇಹದ ಅಭ್ಯಾಸ ಇನ್ನೊಂದು ಕಡೆ ಬೆಳೆದುದರಿಂದ, ಎಷ್ಟೋ ಅಕಾಡೆಮಿಕ್ ಚಿತ್ರಗಳಲ್ಲಿ ಮುಖ ಚೀರುತ್ತಿದ್ದರೂ ದೇಹ ಆರಾಮವಾಗಿ ನಿಂತಿರುವುದು ಕಾಣುತ್ತದೆ. ಮುಖವನ್ನು ಕೈಯಿಂದ ಮುಚ್ಚಿ ಮುದ್ರಣಗಳನ್ನು ನೋಡುವುದು ಈ ತರಗತಿಯ ಒಂದು ಕ್ರಮಬದ್ಧ ಅಭ್ಯಾಸ. ಮುಚ್ಚಿದ ಮೇಲೂ ಭಾವ ಉಳಿದರೆ ಆ ಚಿತ್ರವನ್ನು ಗೋಡೆಗೆ ಹಾಕುತ್ತಾರೆ, ಇಲ್ಲದಿದ್ದರೆ ಕಪಾಟಿಗೆ ಸೇರಿಸುತ್ತಾರೆ. ಲೆ ಬ್ರನ್‌ರ ವಿಷಯದಲ್ಲಿ ಮೇಷ್ಟ್ರು ಸ್ವಲ್ಪ ಕಠಿಣವಾಗಿದ್ದಾರೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಹುಬ್ಬಿನ ಬಗ್ಗೆ ಲೆ ಬ್ರನ್ ಗಮನಿಸಿದ್ದು ತಪ್ಪಲ್ಲ. ಆದರೆ ಕಲಿಯುವವರಿಗೆ ಈ ಕಟ್ಟುಪಾಡಿನಿಂದ ಆಗುವ ಲಾಭ ದೊಡ್ಡದು. ಹೊಸಬರು ಸಮಯವನ್ನೆಲ್ಲ ಕಣ್ಣು ಮೂಗಿಗೆ ಸುರಿದು, ಉಳಿದ ಎರಡು ನಿಮಿಷದಲ್ಲಿ ದೇಹವನ್ನು ಜೋಡಿಸುವ ಅಭ್ಯಾಸ ಇದರಿಂದ ತಪ್ಪುತ್ತದೆ.

ತರಗತಿಯ ನಿಜವಾದ ಹಿರಿಮೆ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಭರತನ ನಾಟ್ಯಶಾಸ್ತ್ರದಲ್ಲಿ ಅಂಗಾಂಗಗಳ ಚಲನೆಯಿಂದ ಭಾವ ತೋರುವ ಆಂಗಿಕಾಭಿನಯದ ಭಾಗವನ್ನು ಇಲ್ಲಿ ಚಿತ್ರಕಾರರ ಅಂಗರಚನಾಶಾಸ್ತ್ರವಾಗಿ ಓದುತ್ತಾರೆ. ತಲೆಯ ಚಲನೆ ಹದಿಮೂರು, ದೃಷ್ಟಿ ಮೂವತ್ತಾರು ಎಂದು ನೃತ್ಯ ಕಲಿತವರಿಗೆಲ್ಲ ಗೊತ್ತು. ಎದೆಗೂ ಐದು ಸ್ಥಿತಿಗಳನ್ನು ಭರತ ಹೇಳಿದ್ದಾನೆ ಎಂಬುದನ್ನು ಚಿತ್ರ ಬರೆಯುವವರು ಗಮನಿಸಿರುವುದು ಕಡಿಮೆ. ಎದೆ ತಗ್ಗಿ, ಬೆನ್ನು ಉಬ್ಬಿ, ಹೆಗಲು ತುಸು ಬಾಗಿ ಸಡಿಲವಾದರೆ ಅದು ಆಭುಗ್ನ. ಶೋಕ, ಭಯ, ಮೂರ್ಛೆ, ಲಜ್ಜೆ, ತಣ್ಣನೆಯ ಸ್ಪರ್ಶ ಇವುಗಳಲ್ಲಿ ಬಳಸಬೇಕಾದದ್ದು. ಎದೆ ಬಿಗಿದು, ಬೆನ್ನು ತಗ್ಗಿ, ಹೆಗಲು ಎತ್ತಿ ನಿಂತರೆ ನಿರ್ಭುಗ್ನ. ಮುನಿಸು, ವಿಸ್ಮಯ, ಸತ್ಯವನ್ನು ಒತ್ತಿ ನುಡಿಯುವುದು, ತನ್ನನ್ನು ಕುರಿತು ಗರ್ವದಿಂದ ಹೇಳಿಕೊಳ್ಳುವುದು ಇವುಗಳಿಗೆ. ನಗು, ಅಳು, ದಣಿವು, ಬಿಕ್ಕಳಿಕೆಗಳಲ್ಲಿ ಎದೆ ಮೇಲಿಂದ ಮೇಲೆ ಏರಿಳಿಯುವುದು ಪ್ರಕಂಪಿತ. ದೀರ್ಘವಾಗಿ ಉಸಿರೆಳೆದಾಗ, ಎತ್ತರದ ವಸ್ತುವನ್ನು ನೋಡುವಾಗ ಎದೆ ಮೇಲೆದ್ದಿರುವುದು ಉದ್ವಾಹಿತ. ಎಲ್ಲ ಅಂಗಗಳೂ ಸರಿಯಾಗಿ ಹೊಂದಿಕೊಂಡಿರುವಾಗ ಸಮ.

ಇದನ್ನು ಓದಿ ಬಿಟ್ಟುಬಿಡುವುದಿಲ್ಲ. ಗಾರೆ ಕೆಲಸದ ಯುವಕ ಐದನ್ನೂ ಒಂದರ ಹಿಂದೆ ಒಂದರಂತೆ ನಿಂತು ತೋರಿಸುತ್ತಾನೆ, ನಾವು ಬೆನ್ನ ಕಡೆಯಿಂದಲೂ ಪಕ್ಕದಿಂದಲೂ ಬರೆಯುತ್ತೇವೆ. ಆಭುಗ್ನದಲ್ಲಿ ಪಕ್ಕೆಲುಬುಗಳು ಒಂದಕ್ಕೊಂದು ಹತ್ತಿರ ಸರಿದು ಹೊಟ್ಟೆಯಲ್ಲಿ ಅಡ್ಡ ಮಡಿಕೆ ಬೀಳುತ್ತದೆ. ಉದ್ವಾಹಿತದಲ್ಲಿ ಪಕ್ಕೆಲುಬುಗಳ ಕಮಾನು ಚರ್ಮದಡಿ ಎದ್ದು ಕಂಡು, ಹೊಟ್ಟೆ ಅದರ ಕೆಳಗೆ ಗುಳಿ ಬೀಳುತ್ತದೆ. ಉಸಿರೇ ಇವುಗಳ ಮೂಲ. ಭಾವ ಬದಲಾದಾಗ ಉಸಿರು ಬದಲಾಗುತ್ತದೆ, ಉಸಿರು ಬದಲಾದಾಗ ಎದೆಗೂಡಿನ ಓರೆ ಬದಲಾಗುತ್ತದೆ, ಓರೆಯನ್ನು ಗೆರೆಯಲ್ಲಿ ಹಿಡಿಯಬಹುದು. ನಮ್ಮ ಜೊತೆ ಕಲಿಯುತ್ತಿದ್ದ, ಭರತನಾಟ್ಯ ಬಲ್ಲ ಒಬ್ಬ ಹುಡುಗಿ ಮೊದಲ ವಾರಗಳಲ್ಲಿ ಗೆರೆ ಎಳೆಯಲು ಬಹಳ ಕಷ್ಟಪಡುತ್ತಿದ್ದಳು. ಈ ಪಾಠದ ನಂತರ ನಮ್ಮಲ್ಲಿ ಎಲ್ಲರಿಗಿಂತ ಜೀವಂತವಾದ ಗೆಸ್ಚರ್ ಸ್ಕೆಚ್‌ಗಳು ಅವಳವೇ ಆದವು. ಆಕೆ ಪ್ರತಿ ಭಂಗಿಯನ್ನೂ ಮೊದಲು ತನ್ನ ಮೈಯಲ್ಲಿ ಹಿಡಿದು ನೋಡಿ ಆಮೇಲೆ ಬರೆಯುತ್ತಿದ್ದಳು. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಮಾರ್ಕಂಡೇಯ ಋಷಿ ವಜ್ರರಾಜನಿಗೆ ನೃತ್ಯಶಾಸ್ತ್ರ ತಿಳಿಯದೆ ಚಿತ್ರಸೂತ್ರ, ಅಂದರೆ ಚಿತ್ರಕಲೆಯ ನಿಯಮಗಳು, ತಿಳಿಯುವುದು ಕಷ್ಟವೆಂದು ಹೇಳುವುದನ್ನು ಓದಿದ್ದೆ. ಅದು ಕೈಕೆಲಸದ ಮಟ್ಟದಲ್ಲಿ ಎಷ್ಟು ನೇರವಾದ ಸಲಹೆ ಎಂಬುದು ಅವಳ ಹಾಳೆಗಳನ್ನು ನೋಡಿದಾಗ ತಿಳಿಯಿತು.

ಆಭುಗ್ನದ ಪಟ್ಟಿಯಲ್ಲಿ ಭಯವೂ ತಣ್ಣನೆಯ ಸ್ಪರ್ಶವೂ ಒಟ್ಟಿಗೆ ಇರುವುದರ ಮಹತ್ವ ಡಿಸೆಂಬರಿನಲ್ಲಿ ಮನವರಿಕೆಯಾಯಿತು. ಬಡವರ ಊಟಿ ಎಂದು ಕರೆಸಿಕೊಂಡ ಊರಿನಲ್ಲಿ ಬೆಳಗಿನ ಏಳು ಗಂಟೆಗೆ ಬರಿಮೈಯಲ್ಲಿ ನಿಲ್ಲುವುದು ಸುಲಭವಲ್ಲ. ಯುವಕನ ಹೆಗಲುಗಳು ಕಿವಿಯ ಕಡೆಗೆ ಏರಿ, ಮೊಣಕೈಗಳು ಪಕ್ಕೆಗೆ ಒತ್ತಿಕೊಂಡಿದ್ದವು. ಅಂದು ಎಲ್ಲರ ಚಿತ್ರಗಳಲ್ಲಿಯೂ ಬಂದದ್ದು ಹೆದರಿದ ಮನುಷ್ಯ. ಮೇಷ್ಟ್ರು ಹಾಳೆಗಳನ್ನು ಸಾಲಾಗಿ ನಿಲ್ಲಿಸಿ, ಚಳಿಗೂ ಭಯಕ್ಕೂ ವ್ಯತ್ಯಾಸ ಎಲ್ಲಿ ಕಾಣುತ್ತದೆ ಎಂದು ಕೇಳಿದರು. ಮೇಲ್ಭಾಗದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಪಾದಗಳಲ್ಲಿತ್ತು: ಚಳಿಯಲ್ಲಿರುವವನ ಭಾರ ಎರಡು ಪಾದಗಳ ನಡುವೆ ಸಮವಾಗಿ, ತನ್ನೊಳಗೇ ಕೂಡಿಕೊಂಡಿರುತ್ತದೆ. ಹೆದರಿದವನ ಭಾರ ಹಿಮ್ಮಡಿಗೆ ಸರಿದು, ದೇಹ ಯಾವುದೋ ಒಂದು ದಿಕ್ಕಿನಿಂದ ಹಿಂದೆಗೆಯುತ್ತದೆ, ಅಂದರೆ ಅವನ ಎದುರಿಗೆ ಏನೋ ಇದೆ. ಹಾಗೆ ಎದುರಿಗಿರುವ, ಚಿತ್ರದಲ್ಲಿ ಇಲ್ಲದ ವಸ್ತುವನ್ನು ಊಹಿಸುವಂತೆ ಮಾಡುವ ದೇಹವೇ ಭಾವವನ್ನು ತೋರುವ ದೇಹ. ಮುಂದಿನ ವಾರದಿಂದ ಪಡಸಾಲೆಗೆ ಒಂದು ಹೀಟರ್ ಬಂತು; ಆದರೂ ಅದು ಒಂದು ಕಾಲಿಗೆ ಮಾತ್ರ ಬಿಸಿ ತಾಗಿಸುವಷ್ಟು ಚಿಕ್ಕದು, ಎರಡನೆಯದೊಂದು ಬೇಕೇ ಬೇಕು.

ಗೋಡೆಯ ಮೇಲಿರುವ ಮುದ್ರಣಗಳ ಆಯ್ಕೆ ಒಳ್ಳೆಯದಿದೆ. ಜಾಕ್ ಲೂಯಿ ದಾವಿದ್ 1780ರಲ್ಲಿ ಚಿತ್ರಿಸಿದ, ಗ್ರೀಕ್ ಪುರಾಣದ ವೀರ ಪೆಟ್ರೋಕ್ಲಸ್ ಅವುಗಳಲ್ಲೊಂದು. ಅಭ್ಯಾಸಕ್ಕೆಂದೇ ಬರೆದ ಈ ನಗ್ನಾಕೃತಿ ನಮಗೆ ಬೆನ್ನು ಮಾಡಿ ಕುಳಿತಿದೆ. ಮುಖ ಕಾಣುವುದೇ ಇಲ್ಲ. ಆದರೂ ಹೆಗಲ ಸ್ನಾಯುಗಳ ಬಿಗಿತ, ತಿರುಗಿದ ಕೊರಳು, ಹಾರಿದ ಕೂದಲು ಇವಿಷ್ಟರಿಂದಲೇ ಒಳಗಿನ ಕುದಿ ಗೊತ್ತಾಗುತ್ತದೆ. ಪಕ್ಕದಲ್ಲಿ ಷಾರ್ಲ್ ಬಾರ್ಗ್ ಅವರು ಫ್ರೆಂಚ್ ಚಿತ್ರಕಾರ ಜೆರೋಮ್ ಅವರ ಜೊತೆಗೂಡಿ 1866 ರಿಂದ 1871ರ ನಡುವೆ ಹೊರತಂದ ಅಭ್ಯಾಸದ ಹಾಳೆಗಳ ಪ್ರತಿಗಳಿವೆ. ಈ ಹಾಳೆಗಳನ್ನು ನಕಲು ಮಾಡುವುದು ತೀರ ಯಾಂತ್ರಿಕ ಕೆಲಸ, ಅದರಿಂದ ಭಾವ ಸಾಯುತ್ತದೆ ಎಂದು ನಮ್ಮಲ್ಲಿ ಒಬ್ಬರು ಆಕ್ಷೇಪಿಸಿದರು. ಅದಕ್ಕೆ ಉತ್ತರವಾಗಿ ಮೇಷ್ಟ್ರು ವಿನ್ಸೆಂಟ್ ವ್ಯಾನ್ ಗಾಗ್ 1882ರಲ್ಲಿ ಬರೆದ ‘ಶೋಕ’ ಎಂಬ ರೇಖಾಚಿತ್ರದ ಪ್ರತಿಯನ್ನು ತಂದಿಟ್ಟರು. ಮೊಣಕಾಲ ಮೇಲೆ ತೋಳುಗಳನ್ನು ಮಡಿಸಿ, ಅದರಲ್ಲಿ ಮುಖ ಹುದುಗಿಸಿ ಕುಳಿತ ಗರ್ಭಿಣಿಯ ನಗ್ನಾಕೃತಿ ಅದು. ಆಕೆಯ ಮುಖವೂ ಕಾಣುವುದಿಲ್ಲ. ಬಾಗಿದ ಬೆನ್ನಿನ ಒಂದೇ ಗೆರೆ, ಜೋತುಬಿದ್ದ ಎದೆ, ತೊಡೆಯ ಮೇಲೆ ಒರಗಿದ ಹೊಟ್ಟೆ. ಅದನ್ನು ಬರೆಯುವ ಮೊದಲಿನ ಒಂದೆರಡು ವರ್ಷ ಆತ ಇದೇ ಬಾರ್ಗ್ ಹಾಳೆಗಳನ್ನು ಹಟ ಹಿಡಿದು ನಕಲು ಮಾಡಿದ್ದ. ಗೆರೆಯ ಓರೆಯನ್ನು ಅಳೆಯಲು ಕಲಿತ ಕೈಗೆ ಶೋಕದ ಓರೆ ಎಷ್ಟು ಎಂಬುದೂ ತಿಳಿಯಿತು ಎಂದೇ ನಾನೂ ನಂಬುತ್ತೇನೆ. ಅಳತೆಯ ಶಿಸ್ತು ಮತ್ತು ಭಾವದ ತೀವ್ರತೆ ಎರಡನ್ನೂ ವಿರೋಧಿಗಳೆಂದು ಭಾವಿಸುವವರು ಈ ಎರಡು ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಋತುವಿಗೊಮ್ಮೆ ತರಗತಿ ಹೊರಗೆ ನಡೆಯುತ್ತದೆ. ಹಾಸನದಿಂದ ಸುಮಾರು 40 ಕಿಲೋಮೀಟರ್ ದೂರದ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರು ಗೆಸ್ಚರ್ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದ್ದಾರೆ. ಬಳಪದ ಕಲ್ಲಿನಲ್ಲಿ ಕಡೆದ ಈ ಆಕೃತಿಗಳಲ್ಲಿ ಸ್ನಾಯುಗಳ ವಿವರವಿಲ್ಲ. ಮೈ ನುಣುಪು, ಆಭರಣ ಹೇರಳ. ಯುರೋಪಿನ ಅಕಾಡೆಮಿಯ ಕಣ್ಣಿನಿಂದ ನೋಡಿದರೆ ಅಂಗರಚನೆ ಸರಿಯಿಲ್ಲ ಎಂದು ಬಿಡಬಹುದು. ಆದರೆ ಆಭರಣಗಳನ್ನು ಬಿಟ್ಟು ಸೊಂಟ, ಎದೆ, ತಲೆಗಳ ಓರೆಗಳನ್ನಷ್ಟೇ ಮೂರು ಗೆರೆಗಳಲ್ಲಿ ಬರೆದುಕೊಂಡರೆ ದೇಹ ಮೂರು ಕಡೆ ಬಾಗುವ ತ್ರಿಭಂಗದ ತೂಕ ಎಷ್ಟು ಖಚಿತವಾಗಿ ಕೂತಿದೆ ಎಂಬುದು ಕಾಣುತ್ತದೆ. ದರ್ಪಣಸುಂದರಿಯ ತೃಪ್ತಿ ಆಕೆಯ ಕನ್ನಡಿಯಲ್ಲಿಯೂ ಇಲ್ಲ, ತುಟಿಯಲ್ಲಿಯೂ ಇಲ್ಲ, ಸಡಿಲಬಿಟ್ಟ ಸೊಂಟದಲ್ಲಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರಂಥ ಶಿಲ್ಪಿಗಳು ತಮ್ಮ ಹೆಸರನ್ನು ಪೀಠದಲ್ಲಿ ಕೊರೆದಿದ್ದಾರೆ. ಒಬ್ಬೊಬ್ಬರ ಭಂಗಿಯ ಒಲವನ್ನು ಹೋಲಿಸಿ ಬರೆಯುವ ಅಭ್ಯಾಸವನ್ನು ಮೇಷ್ಟ್ರು ಕೊಟ್ಟಿದ್ದರು, ಅದಕ್ಕೆ ಕೊಟ್ಟ ಸಮಯ ಸಾಲಲಿಲ್ಲ. ಹಳೇಬೀಡಿಗೆ ಅದೇ ದಿನ ಹೋಗುವ ಕ್ರಮವನ್ನು ಬಿಟ್ಟು ಬೇಲೂರಿಗೇ ಇಡೀ ದಿನ ಕೊಡುವುದು ಒಳ್ಳೆಯದು.

ಶ್ರವಣಬೆಳಗೊಳದ ಪಾಠ ಇದಕ್ಕೆ ತೀರ ವಿರುದ್ಧವಾದದ್ದು, ನನ್ನ ದೃಷ್ಟಿಯಲ್ಲಿ ಇಡೀ ತರಗತಿಯ ಅತ್ಯಂತ ಗಂಭೀರ ಪಾಠ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಕಡೆಯಿಸಿದ, 57 ಅಡಿ ಎತ್ತರದ ಗೊಮ್ಮಟ ಪೂರ್ಣ ನಗ್ನ. ದೇಹದ ಮೋಹ ತೊರೆದು ನೇರವಾಗಿ ನಿಲ್ಲುವ ಜೈನ ಧ್ಯಾನಭಂಗಿಯಾದ ಕಾಯೋತ್ಸರ್ಗದಲ್ಲಿ ನಿಂತಿರುವುದರಿಂದ ಎರಡು ಪಾದಗಳ ಮೇಲೂ ಭಾರ ಸಮ. ಸೊಂಟ ಓರೆಯಿಲ್ಲ, ಹೆಗಲು ಓರೆಯಿಲ್ಲ, ತೋಳುಗಳು ಇಳಿಬಿದ್ದಿವೆ. ನಾವು ತಿಂಗಳುಗಟ್ಟಲೆ ಹುಡುಕಲು ಕಲಿತ ಎಲ್ಲ ಓರೆಗಳೂ ಅಲ್ಲಿ ಇಲ್ಲ. ಹಾಗಿದ್ದರೆ ಭಾವ ಎಲ್ಲಿದೆ ಎಂಬ ಪ್ರಶ್ನೆಯೊಂದಿಗೆ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿಸಿ, ಕಾಲಡಿಯ ಅಂಗಳದಲ್ಲಿ ಚಿಕ್ಕ ಸ್ಕೆಚ್ ಪುಸ್ತಕ ಹಿಡಿದು ಕೂರಿಸುತ್ತಾರೆ. ಅದು ಪೂಜೆಯ ಸ್ಥಳವಾದ್ದರಿಂದ ಚಿತ್ರದ ಹಲಗೆ ನಿಲ್ಲಿಸುವ ಈಸೆಲ್ ಇಲ್ಲ, ಗಟ್ಟಿ ಮಾತಿಲ್ಲ.

ಹಿರಿಯ ಪೈಲ್ವಾನರೂ ಅಂದು ನಮ್ಮೊಡನೆ ಬಂದಿದ್ದರು. ಭರತನಿಗೂ ಬಾಹುಬಲಿಗೂ ದೃಷ್ಟಿಯುದ್ಧ, ಜಲಯುದ್ಧಗಳಾದ ಮೇಲೆ ಮಲ್ಲಯುದ್ಧ ನಡೆದು, ಬಾಹುಬಲಿ ಅಣ್ಣನನ್ನು ಮೇಲೆತ್ತಿದ ಕಥೆಯನ್ನು ಅವರು ಕುಸ್ತಿಯ ಪಟ್ಟುಗಳ ವಿವರದೊಂದಿಗೆ ಹೇಳಿದರು. ಗೆದ್ದವನ ಎದೆ ನಿರ್ಭುಗ್ನವಾಗಿ ಬಿಗಿದಿರಬೇಕಾಗಿತ್ತು, ನೊಂದವನದಾದರೆ ಆಭುಗ್ನವಾಗಿ ಕುಸಿದಿರಬೇಕಾಗಿತ್ತು. ಅಲ್ಲಿ ಎರಡೂ ಇಲ್ಲ, ಇರುವುದು ಸಮ. ಅಣ್ಣನನ್ನು ಎತ್ತಿ ಹಿಡಿದ ಆ ತೋಳುಗಳಲ್ಲಿ ಈಗ ಯಾವ ಬಿಗಿತವೂ ಇಲ್ಲ, ಅವುಗಳ ಮೇಲೆ ಮಾಧವಿ ಬಳ್ಳಿ ಹಬ್ಬಿದೆ, ಬೆರಳುಗಳು ತೊಡೆಯ ಪಕ್ಕದಲ್ಲಿ ಸುಮ್ಮನಿವೆ. ಭಂಗಿಯ ಓರೆಗಳೆಲ್ಲ ಇದ್ದೂ ಬಿಟ್ಟುಕೊಟ್ಟ ದೇಹ ಎಂದು ತಿಳಿದು ನೋಡಿದಾಗ ಆ ನೇರ ನಿಲುವಿಗೆ ಅರ್ಥ ಬರುತ್ತದೆ. ಅದನ್ನು ಬರೆಯುವುದು ಬಹಳ ಕಷ್ಟ. ಎರಡು ಬದಿಗಳನ್ನು ಸಮವಾಗಿ ಬರೆದರೆ ಗೊಂಬೆಯಾಗುತ್ತದೆ, ಬೇಸರವೆಂದು ತುಸು ಓರೆ ಮಾಡಿದರೆ ಗೊಮ್ಮಟ ಉಳಿಯುವುದಿಲ್ಲ. ಎಲ್ಲರಿಗಿಂತ ಹತ್ತಿರ ಬಂದ ಚಿತ್ರದಲ್ಲಿ ಹೊರಗೆರೆ ಬಹಳ ನಿಧಾನವಾಗಿ, ಎಲ್ಲಿಯೂ ಒತ್ತು ಕೊಡದೆ ಎಳೆದದ್ದಾಗಿತ್ತು, ಎದೆಯ ಅಗಲಕ್ಕೆ ಮಾತ್ರ ನೆರಳು ಇತ್ತು.

ಇನ್ನು ಕೊರತೆಗಳು. ಕಾಫಿಯ ನಂತರದ ದೀರ್ಘ ಭಂಗಿಯಲ್ಲಿ, ಬೆಳಿಗ್ಗೆಯೆಲ್ಲ ಸಾಧಿಸಿದ್ದು ಕರಗಿಹೋಗುತ್ತದೆ. ನಿಂತವರ ದೇಹ ಹತ್ತು ನಿಮಿಷದಲ್ಲಿ ಇಳಿಯಲು ಆರಂಭಿಸುತ್ತದೆ: ಸೊಂಟ ಕುಸಿಯುತ್ತದೆ, ಎದೆಗೂಡು ಅದರ ಮೇಲೆ ಕೂರುತ್ತದೆ, ಮೊದಲಿನ ಕ್ರಿಯಾಪದ ಬದಲಾಗಿ ‘ದಣಿದಿದ್ದಾರೆ’ ಎಂಬುದೊಂದೇ ಉಳಿಯುತ್ತದೆ. ಕಲಿಯುವವರು ಆ ಇಳಿಕೆಯನ್ನು ಹಿಂಬಾಲಿಸಿ ಅಳಿಸುತ್ತ, ತಿದ್ದುತ್ತ ಹೋಗುವುದರಿಂದ ಕೊನೆಗೆ ಎಲ್ಲರ ಚಿತ್ರವೂ ಒಂದೇ ಬಗೆಯ ಜಡಭಂಗಿಯಾಗುತ್ತದೆ. ಹಳೆಯ ಅಕಾಡೆಮಿಗಳಲ್ಲಿ ಎತ್ತಿದ ತೋಳಿಗೆ ಆಸರೆಯಾಗಿ ಹಗ್ಗವನ್ನೋ ಕೋಲನ್ನೋ ಹಿಡಿಸುತ್ತಿದ್ದರು. ಪಾದಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿದರೆ ವಿರಾಮದ ನಂತರ ಅದೇ ಜಾಗಕ್ಕೆ ಮರಳಬಹುದು. ಇಷ್ಟು ಸರಳವಾದ ಕ್ರಮಗಳೂ ಇಲ್ಲಿ ಇಲ್ಲ. ವಿರಾಮವೂ ಸರಿಯಾಗಿ ಸಿಗುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ವಿಶ್ರಾಂತಿ ಕೊಡುವುದು ಮಾಡೆಲ್ ನೋಡಿ ಬರೆಯುವ ಲೈಫ್ ಸ್ಟಡಿಯಲ್ಲಿ ಸಾಮಾನ್ಯ ಪದ್ಧತಿ; ಇಲ್ಲಿ ಮೇಷ್ಟ್ರು ವಿವರಣೆಯಲ್ಲಿ ಮುಳುಗಿದಾಗ ಅದು ಅರ್ಧ ಗಂಟೆ ದಾಟುತ್ತದೆ. ಅರವತ್ತು ದಾಟಿದವರನ್ನು ಹಾಗೆ ನಿಲ್ಲಿಸುವುದು ಸರಿಯಲ್ಲ. ಗೋಡೆಗೆ ಒಂದು ಗಡಿಯಾರ ಮತ್ತು ಗಂಟೆ ಹೊಡೆಯಲು ಒಬ್ಬರು ಇದ್ದರೆ ಈ ದೋಷ ಪರಿಹಾರವಾಗುತ್ತದೆ. ದೀರ್ಘ ಭಂಗಿಗೆ ಮೊದಲು ಅದೇ ಭಂಗಿಯ ಎರಡು ನಿಮಿಷದ ಸ್ಕೆಚ್ ಒಂದನ್ನು ಬರೆದು ಬೋರ್ಡಿನ ಮೂಲೆಗೆ ಪಿನ್ ಮಾಡಿಟ್ಟುಕೊಂಡು, ಸಂದೇಹ ಬಂದಾಗ ದಣಿದ ದೇಹವನ್ನು ನೋಡದೆ ಆ ಸ್ಕೆಚ್ಚನ್ನು ನಂಬುವ ಕ್ರಮವನ್ನು ನಾನು ಅನುಸರಿಸುತ್ತಿದ್ದೇನೆ. ಫಲ ಕೊಟ್ಟಿದೆ, ತರಗತಿಯ ಕ್ರಮವಾಗಿಯೇ ಅದನ್ನು ತರಬೇಕೆಂದು ಸೂಚಿಸಿದ್ದೇನೆ.

ಬೆಳಕಿನ ಸ್ಥಿತಿ ಇನ್ನೂ ಕಳಪೆ. ಪಡಸಾಲೆಯ ಕಿಟಕಿಗಳು ಪೂರ್ವಕ್ಕಿವೆ. ಬಿಸಿಲು ಗಂಟೆಗಂಟೆಗೂ ಸರಿಯುತ್ತದೆ, ಮೋಡ ಕವಿದಾಗ ಟ್ಯೂಬ್‌ಲೈಟ್ ಹಾಕುತ್ತಾರೆ. ತಲೆಯ ಮೇಲಿಂದ ಎಲ್ಲ ಕಡೆಗೂ ಹರಡುವ ಆ ಬೆಳಕಿನಲ್ಲಿ ಎದೆಗೂಡಿನ ಉಬ್ಬು, ಹೊಟ್ಟೆಯ ಗುಳಿ, ಹೆಗಲ ಹಲಗೆಯ ಅಂಚು ಯಾವುದೂ ಬೇರ್ಪಡುವುದಿಲ್ಲ. ಭಾವ ಎದೆಗೂಡಿನಲ್ಲಿದೆ ಎಂದು ಕಲಿಸುವ ತರಗತಿಯಲ್ಲಿ ಎದೆಗೂಡೇ ಚಪ್ಪಟೆಯಾಗಿ ಕಾಣುವುದು ದೊಡ್ಡ ಲೋಪ. ಕಿಟಕಿಗೆ ದಪ್ಪ ಪರದೆ, ಒಂದು ಬದಿಯಿಂದ ಎತ್ತರದಲ್ಲಿ ಒಂದೇ ದೀಪ, ಇಷ್ಟು ಸಾಕು.

ಮಹಿಳಾ ಮಾಡೆಲ್ ಇಲ್ಲದಿರುವುದು ಇನ್ನೊಂದು ಕೊರತೆ. ನಮ್ಮ ಊರಿನ ಪರಿಸ್ಥಿತಿಯಲ್ಲಿ ಅದಕ್ಕೆ ಮೇಷ್ಟ್ರನ್ನು ದೂಷಿಸಲಾಗದು. ಕಲಿಯಲು ಬರುವವರಲ್ಲಿ ಮಾತ್ರ ಹೆಣ್ಣುಮಕ್ಕಳೇ ಹೆಚ್ಚು. ಲಂಡನ್ನಿನ ರಾಯಲ್ ಅಕಾಡೆಮಿಯನ್ನು 1768ರಲ್ಲಿ ಸ್ಥಾಪಿಸಿದ ಸದಸ್ಯರಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರು ಇದ್ದರೂ, ಅಕಾಡೆಮಿಯ ಸದಸ್ಯರು ನಗ್ನ ಮಾಡೆಲ್ ಸುತ್ತ ಸೇರಿರುವುದನ್ನು ತೋರುವ, ಚಿತ್ರಕಾರ ಜೊಫಾನಿಯ ಚಿತ್ರದಲ್ಲಿ ಅವರಿಬ್ಬರು ಗೋಡೆಯ ಮೇಲಿನ ಭಾವಚಿತ್ರಗಳಾಗಿ ಮಾತ್ರ ಕಾಣಿಸುತ್ತಾರೆ. ಹಾಸನದ ಪಡಸಾಲೆಯಲ್ಲಿ ಎದುರಿನ ಸಾಲಿನ ಈಸೆಲ್‌ಗಳು ಹೆಣ್ಣುಮಕ್ಕಳವೇ, ಆ ವಿಷಯದಲ್ಲಿ ಯಾರಿಗೂ ಸಂಕೋಚವಾಗದಂತೆ ವಾತಾವರಣವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಸಾಮಗ್ರಿಗಳನ್ನು ನಾವೇ ತರಬೇಕು. ಗೆಸ್ಚರ್‌ಗೆ ದುಬಾರಿ ಕಾಗದ ಬೇಡ, ನ್ಯೂಸ್‌ಪ್ರಿಂಟ್ ಸಾಕು. ದೀರ್ಘ ಭಂಗಿಗೆ ತುಸು ದಪ್ಪನೆಯ ಕಾರ್ಟ್ರಿಜ್ ಹಾಳೆ ಬೇಕು. ಎಳೆಬಳ್ಳಿ, ಕಡ್ಡಿಗಳನ್ನು ಸುಟ್ಟು ಮಾಡಿದ ಮೃದು ಇದ್ದಿಲು ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಆದ್ದರಿಂದ ಹುಡುಕಾಟಕ್ಕೆ ಅದು. ಅಂಟು ಸೇರಿಸಿ ಒತ್ತಿದ ಇದ್ದಿಲು ಗಾಢವಾಗಿ ನಿಲ್ಲುತ್ತದೆ, ಕೊನೆಯ ಒತ್ತಿಗೆ ಮಾತ್ರ. ಊರಿನ ಸ್ಟೇಷನರಿ ಅಂಗಡಿಗಳಲ್ಲಿ ಮೊದಲನೆಯದು ಸಿಗುವುದು ಕಷ್ಟ, ಬೆಂಗಳೂರಿನಿಂದ ತರಿಸಿಕೊಳ್ಳುವುದು ವಾಸಿ. ಶುಲ್ಕ ಹೊರೆಯೆನಿಸುವಷ್ಟಿಲ್ಲ. ಅದರಲ್ಲಿ ಮಾಡೆಲ್‌ಗಳ ಸಂಭಾವನೆಗೆ ಹೋಗುವ ಪಾಲನ್ನು ಬೇರೆಯಾಗಿ ಬರೆದು ತೋರಿಸುತ್ತಾರೆ, ತರಗತಿ ರದ್ದಾದ ದಿನವೂ ಅವರಿಗೆ ಆ ಹಣ ಸಲ್ಲುತ್ತದೆ.

ಮುಖಚಿತ್ರ ಬೇಗ ಕಲಿಯಬೇಕೆನ್ನುವವರಿಗೆ, ಪರೀಕ್ಷೆಗೆ ಅಥವಾ ಕಲಾ ಕಾಲೇಜಿನ ಪ್ರವೇಶಕ್ಕೆ ಮುಗಿಸಿದ ಚಿತ್ರಗಳ ಕಡತ ಬೇಕಾದವರಿಗೆ ಇದು ಸರಿಹೊಂದುವುದಿಲ್ಲ. ಇಲ್ಲಿಂದ ಮನೆಗೆ ಬರುವುದು ಹೆಚ್ಚಾಗಿ ಅರ್ಧಂಬರ್ಧ ಗೆರೆಗಳ ಹಾಳೆಗಳೇ. ನೃತ್ಯ, ರಂಗಭೂಮಿ, ಶಿಲ್ಪಗಳಲ್ಲಿ ತೊಡಗಿರುವವರು, ಯಕ್ಷಗಾನದ ಭಂಗಿಗಳನ್ನು ಬರೆಯಬಯಸುವವರು, ಮತ್ತು ವರ್ಷಗಟ್ಟಲೆ ಬರೆದೂ ತಮ್ಮ ಆಕೃತಿಗಳು ಏಕೆ ಸೆಟೆದು ನಿಲ್ಲುತ್ತವೆ ಎಂದು ಯೋಚಿಸುತ್ತಿರುವವರು ಖಂಡಿತ ಸೇರಬೇಕು. ಹದಿನೆಂಟು ತುಂಬಿರುವುದು ಕಡ್ಡಾಯ. ಹೊಸ ತಂಡ ಯುಗಾದಿಯ ನಂತರ ಆರಂಭವಾಗುತ್ತದೆ. ಸೇರುವ ಮುನ್ನ, ಭಂಗಿಗೆ ನಿಲ್ಲುವವರ ಒಪ್ಪಿಗೆ ಪಡೆದು, ಒಂದು ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಅವಕಾಶ ಕೊಡುತ್ತಾರೆ. ನೋಡುವವರ ಮೊಬೈಲೂ ಬುಟ್ಟಿಯಲ್ಲೇ ಇರಬೇಕು.